ಗಿರಣಿ ಆಯಿಯ ಕೆಮ್ಮು

ಕೊರೋನಾ ಕಳೆದು ವರ್ಷಗಳಾದ ಮೇಲೆ ಒಂದು ದಿನ, ಹಳೆಯ ಊರಿನ ಗೌಡರ ಫೋನು ಬಂದಾಗ ನಾನು ಧಾರವಾಡದ ಒಂದು ದವಾಖಾನೆಯ ಬಾಗಿಲಲ್ಲಿ ಕೂತು, ನನಗೆ ಇರಲಿಕ್ಕಿಲ್ಲದ ರೋಗವೊಂದರ ಬಗ್ಗೆ ಚಿಂತಿಸುತ್ತಿದ್ದೆ. "ಗಿರಣಿ ಆಯಿ ಹೋದ್ಲು, ಮಾಸ್ತರ. ಗಿರಣಿ ನಿಲ್ಲಿಸಿ ಮಧ್ಯಾಹ್ನ ಉಂಡು ಮಲಗಿದಾಕಿ ಏಳಲೇ ಇಲ್ಲ," ಎಂದರು ಗೌಡರು. ಒಳಗಿನಿಂದ ನನ್ನ ಹೆಸರು ಕರೆದರು. ನಾನು ಎದ್ದು ಹೊರಗೆ ಬಂದುಬಿಟ್ಟೆ. ನನ್ನ ರೋಗ ಅಲ್ಲೇ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಉಳಿದಿರಬೇಕು. ಅದರ ನೆನಪಾಗಲು ಮುಂದೆ ಎಷ್ಟೋ ದಿನ ಹಿಡಿಯಿತು. ನನ್ನ ಮಟ್ಟಿಗೆ ಇದು ಸಣ್ಣ ಸಂಗತಿಯಲ್ಲ.

ಆಯಿಯ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೂ, ಹಳಿಯಾಳದಿಂದ ದಾಂಡೇಲಿಗೆ ಹೋಗುವ ದಾರಿಯ ಆ ಊರಿನಲ್ಲಿ ಅರ್ಧ ಜನಕ್ಕೆ ಅದು ಯಾರೆಂದು ಗುರುತು ಹತ್ತಲಿಕ್ಕಿಲ್ಲ. ಹಿಟ್ಟಿನ ಗಿರಣಿ ನಡೆಸುತ್ತಿದ್ದರು, ಆದ್ದರಿಂದ ಗಿರಣಿ ಆಯಿ. ಗಂಡ ತೀರಿಕೊಂಡ ಮೇಲೆ ಗಿರಣಿಗೆ ಕೈ ಹಾಕಿದರಂತೆ. ಅದಕ್ಕೂ ಹಿಂದಿನದನ್ನು ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಕುಂಬಾರವಾಡದ ಶಾಲೆಯಿಂದ ವರ್ಗವಾಗಿ ನಾನು ಆ ಊರಿಗೆ ಹೋದಾಗ ಗೌಡರು ಕೊಡಿಸಿದ ಬಾಡಿಗೆ ಮನೆಗೂ ಗಿರಣಿಗೂ ನಡುವೆ ಒಂದೇ ಗೋಡೆ. ಕುಂಬಾರವಾಡದಲ್ಲಿದ್ದಾಗ ನನಗೆ ಇದ್ದದ್ದು ಒಂದೇ ಚಿಂತೆ, ಬಸ್ಸು ಬರುತ್ತದೋ ಇಲ್ಲವೋ ಎಂದು. ಇಲ್ಲಿ ಬಸ್ಸು ಹೊತ್ತಿಗೆ ಸರಿಯಾಗಿ ಬರುತ್ತಿತ್ತು. ಹೀಗಾಗಿ ಚಿಂತೆಗೆ ಬೇರೆ ಕೆಲಸ ಹುಡುಕಿಕೊಡಬೇಕಾಯಿತು.

ಆಯಿಯನ್ನು ನೆನೆದರೆ ಮೊದಲು ಬರುವುದು ಮುಖವಲ್ಲ, ಬಿಳುಪು. ಗಿರಣಿಯ ತಗಡಿನ ಮಾಡಿನಲ್ಲಿ ಮೊಳೆ ಕಿತ್ತ ತೂತುಗಳಿದ್ದವು. ಬೆಳಗಿನ ಬಿಸಿಲು ಅವುಗಳಿಂದ ಸಣ್ಣ ಸಣ್ಣ ಕೋಲುಗಳಾಗಿ ಇಳಿದು, ಹಾರುವ ಹಿಟ್ಟಿನಲ್ಲಿ ನಿಂತುಬಿಡುತ್ತಿತ್ತು. ಆ ಬೆಳಕಿನ ಹಿಂದೆ ಯಾರೋ ಇದ್ದಾರೆ ಎಂದು ಮೊದಲು ಅನಿಸುವುದು, ಆಮೇಲೆ ಒಂದು ಕೈ ಕಾಣುವುದು, ಆಮೇಲೆ ಸೆರಗು ಕಟ್ಟಿದ ಮೂಗು ಬಾಯಿ, ಹಿಟ್ಟು ಕೂತ ರೆಪ್ಪೆ. ಬಿಸಿಲು ಅವರನ್ನು ಆಗಷ್ಟೇ ಮಾಡಿ ಮುಗಿಸಿದ ಹಾಗೆ. ಮಧ್ಯಾಹ್ನ ಮೋಟರ್ ನಿಲ್ಲಿಸಿ, ಮುಖವೊಂದನ್ನೇ ತೊಳೆದುಕೊಂಡು ಹೊರಗಿನ ಕಟ್ಟೆಯ ಮೇಲೆ ಕೂಡುತ್ತಿದ್ದರು. ಬಿಳಿ ಮೈಗೆ ಬೇರೆ ಯಾರದೋ ಕಪ್ಪು ಮುಖ ಇಟ್ಟಂತೆ ಕಾಣುತ್ತಿತ್ತು. ರಸ್ತೆಯ ಆಚೆ ಸಾಗವಾನಿ ಮರಗಳು. ಅವುಗಳನ್ನು ಎಷ್ಟು ಹೊತ್ತು ಬೇಕಾದರೂ ನೋಡುತ್ತಿದ್ದರು. ಏನು ಕಾಣುತ್ತದೆ ಎಂದು ಒಮ್ಮೆ ಕೇಳಿದ್ದಕ್ಕೆ, ಏನೂ ಕಾಣುವುದಿಲ್ಲ, ಅದಕ್ಕೇ ನೋಡುತ್ತೇನೆ ಎಂದಿದ್ದರು.

ಮತ್ತೆ ಆ ಕೆಮ್ಮು. ಒಣ ಕೆಮ್ಮು. ಒಂದು ಉದ್ದ, ಅದರ ಬೆನ್ನಿಗೆ ಒಂದು ಮೊಟಕು. ಹೆಂಗಸರು ಕಾಳು ತುಂಬಿದ ಡಬ್ಬಿ ಹೊತ್ತು ಮನೆ ಬಿಡುವ ಮೊದಲು ಅಂಗಳದಲ್ಲಿ ನಿಂತು ಕಿವಿಗೊಡುತ್ತಿದ್ದರು. ಕೆಮ್ಮು ಕೇಳಿಸಿದರೆ ಗಿರಣಿ ತೆರೆದಿದೆ ಎಂದು ಅರ್ಥ. ನಾನಂತೂ ಅದನ್ನು ಗೋಡೆಯಾಚೆಯಿಂದ ದಿನವೂ ಕೇಳುತ್ತಿದ್ದೆ. ರಜೆಯ ದಿನ ಮುಂಜಾನೆ ಏಳದೆ ಮಲಗಿದ್ದರೆ ಕಲ್ಲಿನ ಗುಂಯ್ಯೆಂಬ ಸದ್ದು ನನ್ನ ನಿದ್ದೆಯೊಳಗೆ ಬಂದು ನದಿಯಾಗುತ್ತಿತ್ತು. ಕೆಮ್ಮು ಆ ನದಿಯ ಮೇಲೆ ದೋಣಿಯ ಹುಟ್ಟಿನ ಸದ್ದಾಗುತ್ತಿತ್ತು. ಎಚ್ಚರವಾದ ಮೇಲೂ ಸ್ವಲ್ಪ ಹೊತ್ತು ನಾನು ಎಲ್ಲಿಗೋ ಹೋಗುತ್ತಿದ್ದೇನೆ ಎನಿಸುತ್ತಿತ್ತು. ಆಮೇಲೆ, ಎಲ್ಲಿಗೆ ಎಂಬ ಚಿಂತೆ ಶುರುವಾಗುತ್ತಿತ್ತು.

ಜನರನ್ನು ಆಯಿ ಹೆಸರಿನಿಂದ ಕರೆದದ್ದನ್ನು ನಾನು ಕೇಳಿಲ್ಲ. ಡಬ್ಬಿಯ ಮೇಲೆ ಗುರುತು. ಗೌಡರ ಮನೆಯವರು ಕೆಂಪು ಡಬ್ಬಿಯವರು, ಪೂಜಾರಿಯ ಮನೆಯವರು ಮುಚ್ಚಳ ಇಲ್ಲದವರು. ನಾನು ಒಂಟಿ ಮನುಷ್ಯ, ಒಂದು ಬಿಸ್ಕೀಟಿನ ಡಬ್ಬಿಯಲ್ಲಿ ಜೋಳ ಒಯ್ಯುತ್ತಿದ್ದೆ. ಆದ್ದರಿಂದ ಬಿಸ್ಕೀಟ್ ಮಾಸ್ತರ. ನನ್ನ ಹಿಟ್ಟನ್ನು ಹೆಬ್ಬೆರಳು ತೋರುಬೆರಳಿನ ನಡುವೆ ತಿಕ್ಕಿ ನೋಡಿ, ಉಫ್ ಎಂದು ಊದಿ, ಡಬ್ಬಿ ಕೈಗಿಡುವಾಗ ಒಂದು ಮಾತು ಸೇರಿಸುವರು. ಒಮ್ಮೆ, ಕಲ್ಲಿನ ಪುಡಿ ಹಿಟ್ಟಿನಲ್ಲಿ ಬಂದರೆ ಮೂತ್ರಪಿಂಡಕ್ಕೆ ಏನಾದೀತು ಎಂದು ನಾನು ಕೇಳಿದ್ದೆ. ಅವರು ಹೇಳಿದರು: "ಮಾಸ್ತರ, ನೀವು ಚಿಂತಿ ಮಾಡೂದು ನಿಲ್ಲಿಸಬ್ಯಾಡ್ರಿ. ನೀವು ನಿಲ್ಲಿಸಿದ್ರಿ ಅಂದ್ರ ಏನೋ ಆಗೇತಿ ಅಂತ ನಾ ಚಿಂತಿ ಮಾಡಬೇಕಾಗ್ತೈತಿ."

ಊರಿನ ಜೊತೆ ಆಯಿಯ ಸಂಬಂಧ ನೆಟ್ಟಗಿರಲಿಲ್ಲ. ಜಗಳವೂ ಅಲ್ಲ. ಆ ಕಡೆಯ ಹಳ್ಳಿಗಳಲ್ಲಿ ವಾರ ಹಿಡಿಯುವ ಪದ್ಧತಿಯಿದೆ. ಮಳೆ ತಡವಾದರೆ, ದನಕ್ಕೆ ಬೇನೆ ಬಂದರೆ, ಊರದೇವತೆ ದ್ಯಾಮವ್ವನ ಹೆಸರಿನಲ್ಲಿ ಕೆಲವು ಮಂಗಳವಾರ ಇಡೀ ಊರು ಕೆಲಸ ಬಿಡಬೇಕು. ಎತ್ತು ಹೂಡುವಂತಿಲ್ಲ, ಗಿರಣಿ ಬೀಸುವಂತಿಲ್ಲ, ಒಲೆಯ ಮೇಲೆ ಹಂಚು ಇಟ್ಟು ರೊಟ್ಟಿ ಬಡಿಯುವಂತಿಲ್ಲ. ಬರೀ ಅನ್ನ, ಕುದಿಸಿದ ಕಾಳು. ಗೌಡರ ಮನೆಗೂ ಅಷ್ಟೇ, ಕೂಲಿಯವರ ಮನೆಗೂ ಅಷ್ಟೇ. ಒಂದು ವರ್ಷ ಅಂಥ ಮಂಗಳವಾರವೇ ಆಯಿ ಗಿರಣಿ ಶುರು ಮಾಡಿಬಿಟ್ಟರು. ಕಬ್ಬು ಕಡಿಯಲು ಮಹಾರಾಷ್ಟ್ರದ ಕಡೆಯಿಂದ ಬಂದ ಟೋಳಿಯೊಂದು ಊರ ಹೊರಗೆ ಗುಡಿಸಲು ಹಾಕಿತ್ತು. ಅವರ ಹತ್ತಿರ ಕಾಳಿತ್ತು, ಹಿಟ್ಟಿರಲಿಲ್ಲ. ಹಿರಿಯರು ಬಂದು ಕೇಳಿದರೆ ಆಯಿಯ ಉತ್ತರ ಸಿದ್ಧವಾಗಿತ್ತು. ಊರ ನಳಕ್ಕೆ ಅವರು ಬಂದಾಗ ನೀವು ನಮ್ಮೂರಿನವರಲ್ಲ ಎಂದು ಕಳಿಸಿದವರು ನೀವೇ, ಊರಿನವರಲ್ಲದವರಿಗೆ ಊರಿನ ವಾರ ಹೇಗೆ ಹತ್ತುತ್ತದೆ ಎಂದರು. ದ್ಯಾಮವ್ವನ ದೀಪಕ್ಕೆ ಎಣ್ಣೆ ಹಾಕುವ ದಂಡ ಬಿತ್ತು. ನಗುತ್ತಲೇ ಹಾಕಿ ಬಂದರು. ಮರುದಿನ ಆ ಟೋಳಿಯವರನ್ನು ನಳದ ಹತ್ತಿರ ಯಾರೂ ತಡೆಯಲಿಲ್ಲ.

ಒಮ್ಮೆ ಮೋಟರ್ ಸುಟ್ಟಿತು. ಅದನ್ನು ದಾಂಡೇಲಿಯಲ್ಲಿ ರಿಪೇರಿಗೆ ಕೊಟ್ಟು, ಸಂಜೆಯತನಕ ಕಾಯಬೇಕಿತ್ತು. ಭಾರ ಎತ್ತಲು ಜೊತೆಗೆ ಬಂದ ನನ್ನನ್ನು ಆಯಿ ಹತ್ತಿರದ ಮೌಳಂಗಿ ಪಾರ್ಕಿಗೆ ಕರೆದುಕೊಂಡು ಹೋದರು. ಕಾಳಿ ನದಿ ಅಲ್ಲಿ ಅವಸರವಿಲ್ಲದೆ ಹರಿಯುತ್ತದೆ. ಪಾರ್ಕಿಗೆ ಬಂದವರು ಫೋಟೋ ತೆಗೆಸಿಕೊಳ್ಳುತ್ತಿದ್ದರು. ಆಯಿ ಚಪ್ಪಲಿ ಬಿಟ್ಟು, ಸೀರೆಯನ್ನು ಮೊಣಕಾಲಿಗೆ ಸಿಕ್ಕಿಸಿಕೊಂಡು, ಕಲ್ಲೊಂದರ ಮೇಲೆ ಕೂತು ಕಾಲನ್ನು ನೀರಿಗೆ ಬಿಟ್ಟರು. ನಾನು ದಡದಲ್ಲಿ ನಿಂತು, ಇಲ್ಲಿ ಮೊಸಳೆ ಇರಬಹುದು ಎಂದು ಎರಡು ಸಲ ಹೇಳಿದೆ. ಇದ್ದರೆ ಅದೂ ಪಾಪ ಮಧ್ಯಾಹ್ನದ ಹೊತ್ತು ಮಲಗಿರುತ್ತದೆ ಎಂದರು. ಕೊಂಬಿನಂಥ ಕೊಕ್ಕಿನ ಓಂಗಿಲೆ ಹಕ್ಕಿಯೊಂದು ದೊಡ್ಡ ರೆಕ್ಕೆ ಬಡಿಯುತ್ತ ನದಿ ದಾಟಿತು. ಅದು ದಾಟಿ ಬಹಳ ಹೊತ್ತಾದ ಮೇಲೂ ಆ ಸದ್ದು ನೀರಿನ ಮೇಲೆ ಇದ್ದಂತಿತ್ತು. "ನೋಡ್ರಿ, ಬಂದಾಗಿಂದ ಒಂದ ಸಲಾನೂ ಕೆಮ್ಮಿಲ್ಲ ನಾ," ಎಂದರು ಆಯಿ. ಹಾಗಾದರೆ ಗಿರಣಿ ಬಿಟ್ಟುಬಿಡಿ ಎಂದೆ. ಬಿಟ್ಟು ಇಲ್ಲೇ ಕೂಡಲೇನು, ಈ ಕಲ್ಲು ಹಿಟ್ಟು ಬೀಸುವುದಿಲ್ಲವಲ್ಲ ಎಂದು ಕಾಲು ಆಡಿಸಿದರು.

ಆಮೇಲೆ ಕೊರೋನಾ ಬಂತು.

ಬಸ್ಸು ನಿಂತಿತು, ಶಾಲೆ ಮುಚ್ಚಿತು. ಪಂಚಾಯ್ತಿಯವರು ಊರಿಗೊಂದು ಸಮಿತಿ ಮಾಡಿ, ಅದರಲ್ಲಿ ನನ್ನ ಹೆಸರು ಬರೆದರು. ಜೀವಮಾನವಿಡೀ ಒಬ್ಬನೇ ಚಿಂತಿಸಿದವನಿಗೆ ಸರಕಾರಿ ಮಾನ್ಯತೆ ಸಿಕ್ಕಂತಾಯಿತು. ಹಾಲಿನ ಪಾಕೀಟನ್ನು ಸಾಬೂನಿನಿಂದ ತೊಳೆದೆ, ಬಾಗಿಲ ಚಿಲಕ ತೊಳೆದೆ, ಸಾಬೂನನ್ನೂ ತೊಳೆದೆ. ಕಿರಾಣಿ ಅಂಗಡಿಯ ಮುಂದೆ, ಗುಡಿಯ ಮುಂದೆ, ಗಿರಣಿಯ ಮುಂದೆ ಸುಣ್ಣದ ಪುಡಿಯಲ್ಲಿ ದುಂಡಗೆ ಗೆರೆ ಎಳೆದೆ. ಶಾಲೆಯ ಆಟದ ಬಯಲಿನಲ್ಲಿ ಎಳೆದು ಅಭ್ಯಾಸವಿದ್ದುದರಿಂದ ಅವು ಓಟದ ಪಂದ್ಯ ಶುರುವಾಗುವ ಜಾಗದಂತೆ ಕಾಣುತ್ತಿದ್ದವು. ಮುದುಕರು ಅವುಗಳಲ್ಲಿ ನಿಂತು ಸೀಟಿಗೆ ಕಾಯುವವರ ಹಾಗೆ ನನ್ನ ಮುಖ ನೋಡುತ್ತಿದ್ದರು.

ಊರು ಎಷ್ಟು ಸುಮ್ಮನಾಯಿತೆಂದರೆ ಆಯಿಯ ಕೆಮ್ಮು ಎರಡನೆಯ ಓಣಿಗೂ ಕೇಳಿಸತೊಡಗಿತು. ಅದೇ ಕೆಮ್ಮು. ಒಂದು ಉದ್ದ, ಒಂದು ಮೊಟಕು. ಆದರೆ ಈಗ ಅದನ್ನು ಕೇಳಿ ಹೆಂಗಸರು ಡಬ್ಬಿ ಎತ್ತುವ ಬದಲು ಕೆಳಗಿಡುತ್ತಿದ್ದರು. ಗಿರಣಿಯ ಮುಂದಿನ ನನ್ನ ದುಂಡು ಗೆರೆಗಳು ಒಂದೊಂದಾಗಿ ಖಾಲಿಯಾದವು. ಹಳಿಯಾಳದ ಹಾಸ್ಟೆಲ್ಲಿನಲ್ಲಿ ಅನುಮಾನ ಬಂದವರನ್ನು ಇಡುತ್ತಾರೆಂಬ ಸುದ್ದಿಯಿತ್ತು. ಆಯಿಯನ್ನು ಅಲ್ಲಿಗೆ ಕಳಿಸಬೇಕು ಎಂಬ ಮಾತು ಮೊದಲು ಪಿಸುಗುಟ್ಟುತ್ತ, ಆಮೇಲೆ ಗಟ್ಟಿಯಾಗಿ ನಡೆಯಿತು. ಕೊನೆಗೆ ಗುಡಿಯ ಕಟ್ಟೆಗೆ ಜನ ಸೇರಿದರು. ಆಯಿಯನ್ನು ಕರೆದುಕೊಂಡು ಬರುವ ಕೆಲಸ ಸಮಿತಿಯದು, ಅಂದರೆ ನನ್ನದು. ದಾರಿಯಲ್ಲಿ ಏನು ಹೇಳಬೇಕೆಂದು ನಾನು ಲೆಕ್ಕ ಹಾಕುತ್ತಿದ್ದರೆ, ಅವರು ನನಗಿಂತ ಮುಂದೆ ನಡೆದು ಹೋಗಿ, ಗೆರೆಗಳಿಂದ ದೂರ ಬೇವಿನ ಮರದ ಕೆಳಗೆ ನಿಂತಿದ್ದರು.

ಗೌಡರು ಅವರಿಗಿಂತ ಚಿಕ್ಕವರು. ಕೆಟ್ಟವರೂ ಅಲ್ಲ. ನೆಲ ನೋಡುತ್ತ ಮಾತಾಡಿದರು. "ಅಕ್ಕಾ, ತಪ್ಪು ತಿಳೀಬ್ಯಾಡ. ಊರಿನ ಸಲವಾಗಿ ನಾಲ್ಕು ದಿನ ಹಾಸ್ಟೆಲ್ಲಿನಾಗ ಇದ್ದು ಬಾ."

"ಊರು ಅಂದ್ರ ಅದರಾಗ ನಾ ಬರೂದಿಲ್ಲೇನು, ಗೌಡ್ರ?"

ಗೌಡರು ಮಾಸ್ಕನ್ನು ಮೂಗಿನ ಮೇಲೆ ಎಳೆದುಕೊಂಡರು. ಆಯಿ ಮುಂದುವರಿಸಿದರು.

"ಗಿರಣಿ ಹಿಡಿದಾಗಿಂದ ಕೆಮ್ಮಾಕತ್ತೇನಿ. ನನ್ನ ಕೆಮ್ಮು ಬೀಳದ ಹಿಟ್ಟು ಯಾರ ಮನ್ಯಾಗ ಐತಿ, ಹೇಳ್ರಿ ನೋಡೂಣು."

ಮಾಸ್ಕಿನ ಹಿಂದೆ ಒಂದಿಬ್ಬರು ನಕ್ಕರು. ಮಾತು ಅಲ್ಲಿಗೆ ಮುಗಿದು ಆಯಿ ಗೆದ್ದರು ಎಂದೇ ನಾನು ತಿಳಿದೆ. ಆಗ ಕಟ್ಟೆಯ ಎದುರು ಮನೆಯಿಂದ ಒಂದು ದನಿ ಬಂತು. ಆ ಮನೆಯಲ್ಲಿ ಹಸಿ ಬಾಣಂತಿಯಿದ್ದಳು. ಬಾಗಿಲ ಹಿಂದೆಯೇ ನಿಂತು ಹೇಳಿದಳು: "ಆಯಿ, ನನ್ನ ಕೂಸಿಗೆ ಇನ್ನಾ ತಿಂಗಳಾಗಿಲ್ಲ. ನೀವು ಬೀಸಿದ್ದನ್ನ ನಾ ಉಣಬೇಕು, ನನ್ನ ಹಾಲು ಅದು ಕುಡೀಬೇಕು. ನಾ ಅಂಜಬಾರದೇನು?"

ಆಯಿ ಆ ಬಾಗಿಲ ಕಡೆ ತಿರುಗಿದರು. ಕೆಮ್ಮು ಬಂದಿರಬೇಕು. ಸೆರಗನ್ನು ಬಾಯಿಗೆ ಒತ್ತಿ ಹಿಡಿದು, ಅದು ಒಳಗೇ ಮುಗಿಯುವವರೆಗೆ ಕಾಯ್ದರು. ಅವರ ಹೆಗಲು ಮಾತ್ರ ಅಲುಗಿತು.

"ಅಂಜಬೇಕವ್ವಾ," ಎಂದರು. ಬೇವಿನೆಲೆ ಒಂದೆರಡು ಬಿದ್ದವು. "ಅಂಜಬೇಕು. ನೀ ಅಂಜದಿದ್ರ ಮತ್ತ್ಯಾರು ಅಂಜಬೇಕು."

ಆಮೇಲೆ ಗೌಡರ ಕಡೆ ಮುಖ ಮಾಡಿದರು. "ಹಂಗಾದ್ರ ವಾರ ಹಿಡಿಯೂಣು. ಪರೀಕ್ಷಾ ಮಾಡಿಸ್ಕೋತೇನಿ. ಅದರ ಸುದ್ದಿ ಬರೂತನ ಗಿರಣಿ ಬಂದ್. ಆದ್ರ ನನ್ನೊಬ್ಬಾಕಿ ಬಾಗಿಲಾ ಹಾಕಬ್ಯಾಡ್ರಿ. ಹಾಕೂದಾದ್ರ ಎಲ್ಲಾರ್ದೂ ಹಾಕೂಣು."

ಪೂಜಾರಿಗೆ ಇದು ಸರಿಬರಲಿಲ್ಲ. ವಾರ ಎಂದರೆ ಮಂಗಳವಾರ ಮಾತ್ರ, ಸಾಲಾಗಿ ದಿನಗಟ್ಟಲೆ ಹಿಡಿದದ್ದು ತನ್ನ ಅಜ್ಜನ ಕಾಲದಲ್ಲೂ ಇಲ್ಲ, ಅದೂ ವಾರ ಮುರಿದಾಕೆಯ ಮಾತಿನ ಮೇಲೆ ಎಂದು ಗೊಣಗಿದ. ಬೇನೆಯೇನು ಮಂಗಳವಾರ ನೋಡಿಕೊಂಡು ಬರುತ್ತದೆಯೇ ಎಂದು ಕೇಳಿ ಆಯಿ ಮನೆಗೆ ನಡೆದರು. ಒಬ್ಬಾಕೆಯನ್ನು ಕಳಿಸುವುದು ಸುಲಭವಿತ್ತು. ಎಲ್ಲರೂ ರೊಟ್ಟಿ ಬಿಡುವುದು ಸುಲಭವಿರಲಿಲ್ಲ. ಕೊನೆಗೆ ಗೌಡರು ಎದ್ದು, ತಮ್ಮ ಟ್ರ್ಯಾಕ್ಟರನ್ನು ಗುಡಿಯ ಮಗ್ಗುಲಿಗೆ ತಂದು ನಿಲ್ಲಿಸಿ, ಅದರ ಚಾವಿಯನ್ನು ದ್ಯಾಮವ್ವನ ಮುಂದೆ ಇಟ್ಟು ಮನೆಗೆ ಹೋದರು. ಅಲ್ಲಿಗೆ ವಾರ ಹಿಡಿದಂತಾಯಿತು.

ಆ ದಿನಗಳು ನನ್ನ ನೆನಪಿನಲ್ಲಿ ಒಂದರ ಹಿಂದೆ ಒಂದು ಬರುವುದಿಲ್ಲ, ಒಟ್ಟಿಗೇ ಬರುತ್ತವೆ, ಉದ್ದವಾದ ಒಂದೇ ಮಧ್ಯಾಹ್ನದ ಹಾಗೆ. ಎತ್ತುಗಳು ಕಟ್ಟಿದಲ್ಲೇ ಮಲಗಿ ಮೆಲುಕು ಹಾಕುತ್ತಿದ್ದವು. ಮನೆ ಮನೆಯ ಕಟ್ಟೆಯಲ್ಲಿ ಒಬ್ಬೊಬ್ಬರು ಕೂತು ರಸ್ತೆ ನೋಡುತ್ತಿದ್ದರು. ರಸ್ತೆಯಲ್ಲಿ ಏನೂ ಇರಲಿಲ್ಲ. ಒಂದು ಸಂಜೆ ಸಾಗವಾನಿ ಮರಗಳಿಂದ ಜಿಂಕೆಯೊಂದು ಇಳಿದು ಬಂದು, ಗಿರಣಿಯ ಮುಂದೆ ಅಳಿಸುತ್ತಿದ್ದ ನನ್ನ ದುಂಡು ಗೆರೆಯೊಂದರೊಳಗೆ ನಿಂತು, ಸುತ್ತ ನೋಡಿ, ಮೆಲ್ಲಗೆ ಹಿಂದಿರುಗಿತು. ಕಂಡವರು ಯಾರೂ ಕೂಗಲಿಲ್ಲ. ಕೂಗಿದರೆ ನಮಗೇ ಎಚ್ಚರವಾಗಿಬಿಡುತ್ತದೆ ಎಂಬಂತೆ ಕೂತಿದ್ದೆವು.

ವಾರ ಯಾರೂ ಮುರಿಯಲಿಲ್ಲ. ಒಂದು ಮುಂಜಾನೆ ಮಾತ್ರ, ಯಾರದೋ ಮನೆಯಲ್ಲಿ ಹಂಚು ಕಾಯುತ್ತಿದೆ, ರೊಟ್ಟಿ ಸೀದ ವಾಸನೆ ಬರುತ್ತಿದೆ ಎಂದು ಗದ್ದಲವೆದ್ದಿತು. ಮೂಗು ಹಿಡಿದು ಹುಡುಕುತ್ತ ಬಂದವರು ನನ್ನ ಬಾಗಿಲಲ್ಲಿ ನಿಂತರು. ವಾರಕ್ಕೊಮ್ಮೆ ಹಳಿಯಾಳದ ಔಷಧಿ ಅಂಗಡಿಯವನು ತಂದುಕೊಡುತ್ತಿದ್ದ ದಿನಪತ್ರಿಕೆಗಳನ್ನು ನಾನು ರೋಗ ಸಾಯಲೆಂದು ಇಸ್ತ್ರಿ ಮಾಡುತ್ತಿದ್ದೆ. ಸಂಪಾದಕೀಯ ಪುಟ ಸುಟ್ಟಿತ್ತು. ಗೋಡೆಯಾಚೆ ಆಯಿ ನಕ್ಕದ್ದು ನನಗೆ ಕೇಳಿಸಿತು. ನಗು ಕೆಮ್ಮಾಗಿ ಮುಗಿಯಿತು.

ಗಿರಣಿ ನಿಂತದ್ದರಿಂದ ಆ ಗೋಡೆ ತೆಳುವಾದಂತಿತ್ತು. ಆಯಿ ಅಕ್ಕಿ ಆರಿಸುವಾಗ ಮೊರದ ಸದ್ದು ಕೂಡ ಬರುತ್ತಿತ್ತು. ಅವರು ಆ ಕಡೆ, ನಾನು ಈ ಕಡೆ ಬೆನ್ನು ಕೊಟ್ಟು ಕೂತು ಮಾತಾಡುತ್ತಿದ್ದೆವು. ಹಳಿಯಾಳದಿಂದ ವ್ಯಾನು ಬಂದು ಅವರ ಮೂಗಿನೊಳಗೆ ಕಡ್ಡಿ ಹಾಕಿ ಹೋಗಿತ್ತು. ನಿಮಗೆ ಸಿಟ್ಟಿಲ್ಲವೇ ಎಂದು ನಾನೊಮ್ಮೆ ಕೇಳಿದೆ.

"ಯಾತಕ್ಕ ಸಿಟ್ಟು? ಅಂಜಿಕಿ ತಪ್ಪಲ್ಲ, ಮಾಸ್ತರ. ಆದ್ರ ಅದನ್ನ ಸಾಕೂದಾದ್ರ ಎಲ್ಲಾರೂ ಕೂಡಿ ಸಾಕಬೇಕು. ನನ್ನೊಬ್ಬಾಕಿ ಕೊರಳಿಗೆ ಕಟ್ಟಿದ್ರ ಹೆಂಗ?" ಮೊರ ಕೊಡವಿ ಸೇರಿಸಿದರು: "ಏನೂ ಇಲ್ಲ ಅಂತ ಬರ್ತೈತಿ ನೋಡ್ರಿ. ನನ್ನ ಕೆಮ್ಮು ನನಗ ಗೊತ್ತಿಲ್ಲೇನು."

ಫಲಿತಾಂಶದ ಫೋನು ಸಮಿತಿಗೆ, ಅಂದರೆ ನನಗೆ, ಬೆಳಿಗ್ಗೆ ಬಂತು. ನನ್ನ ಬಾಗಿಲಿಂದ ಆಯಿಯ ಕಟ್ಟೆಗೆ ಏನು ದೂರ. ಆದರೂ ನಾನು ಚಪ್ಪಲಿ ಹುಡುಕಿದೆ, ಅಂಗಿ ಬದಲಿಸಿದೆ. ಗಿರಣಿ ನಡೆದೇ ಇದ್ದಿದ್ದರೆ ಯಾವ ಯಾವ ಡಬ್ಬಿ ಯಾವ ಯಾವ ಮನೆಗೆ ಹೋಗುತ್ತಿತ್ತು ಎಂದು ಬಾಗಿಲಲ್ಲೇ ನಿಂತು ಲೆಕ್ಕ ಹಾಕಿದೆ. ಆಯಿ ಕಟ್ಟೆಯ ಮೇಲೆ ಕೂತಿದ್ದರು. ಹಿಟ್ಟು ತಾಗದೆ ದಿನಗಳಾಗಿದ್ದರಿಂದ ಅವರ ಕೂದಲು ಅಷ್ಟು ಬಿಳಿಯಿಲ್ಲ ಎಂಬುದು ಆಗ ಗೊತ್ತಾಯಿತು. ಅಂಗಳದ ಅಂಚಿನಲ್ಲಿ ನಿಂತೆ. ನನ್ನ ಮುಖದಲ್ಲಿ ಹೇಳಬೇಕಾದದ್ದು ಮೊದಲೇ ಇದ್ದಿರಬೇಕು.

"ಬಂದೈತೇನು?"

"ಹೌದ್ರಿ ಆಯಿ. ಐತಿ ಅಂತ ಬಂದೈತಿ."

ಅವರು ಸಾಗವಾನಿ ಮರಗಳ ಕಡೆ ನೋಡಿದರು. ಆಮೇಲೆ, ನನಗೆ ಈಗಲೂ ನಂಬಲಾಗದ ಹಾಗೆ, ನಕ್ಕರು. "ಕೆಮ್ಮು ನಂದ ಐತಿ, ಮಾಸ್ತರ. ರೋಗ ಅಷ್ಟ ಹೊಸಾದು."

ವ್ಯಾನು ಬರುವ ಹೊತ್ತಿಗೆ ಊರು ರಸ್ತೆಯ ಎರಡೂ ಬದಿಗೆ ದೂರ ದೂರ ನಿಂತಿತ್ತು. ವ್ಯಾನಿನಲ್ಲಿ ಬಂದ ಆರೋಗ್ಯ ಇಲಾಖೆಯ ಹೆಣ್ಣುಮಗಳು ಆಯಿಯ ಉಸಿರು, ಜ್ವರ ನೋಡಿ, ಒಬ್ಬರೇ ಇರುತ್ತಾರೆ, ಊರಿನವರು ಒಪ್ಪಿದರೆ ಮನೆಯಲ್ಲೇ ಇರಬಹುದು ಎಂದಳು. ಎಲ್ಲರೂ ಗೌಡರ ಮುಖ ನೋಡಿದರು. ಗೌಡರು ಒಂದು ಹೆಜ್ಜೆ ಮುಂದೆ ಬಂದರು. ಇಷ್ಟು ದಿನ ರೊಟ್ಟಿಯಿಲ್ಲದೆ ಇದ್ದೇವೆ, ಇನ್ನೂ ಅಷ್ಟು ದಿನ ಇರುತ್ತೇವೆ, ಊಟ ನೀರು ಬಾಗಿಲಿಗೆ ತಂದಿಡುತ್ತೇವೆ, ಅಕ್ಕ ಎಲ್ಲಿಗೂ ಹೋಗುವುದು ಬೇಡ ಎಂದರು. ಪೂಜಾರಿ ತಲೆಯಾಡಿಸಿದ. ಗುಡಿಯೆದುರಿನ ಮನೆಯ ಬಾಗಿಲ ಹಿಂದಿನಿಂದ ಬಾಣಂತಿ, "ಇಲ್ಲೇ ಇರ್ರಿ, ಆಯಿ," ಎಂದು ಕೂಗಿದ್ದು ಇಲ್ಲಿಗೂ ಕೇಳಿಸಿತು. ಒಳಗೆ ಕೂಸು ಅಳುತ್ತಿತ್ತು.

ಆಯಿ ಒಳಗೆ ಹೋದರು. ಬಹಳ ಹೊತ್ತು ಹೊರಗೆ ಬರಲಿಲ್ಲ. ಒಪ್ಪಿದರು ಎಂದುಕೊಂಡು ಜನ ಚದುರತೊಡಗಿದರು. ನಾನೂ ಗೋಡೆಯ ಬಗ್ಗೆ, ಗೋಡೆಯ ಬಿರುಕುಗಳ ಬಗ್ಗೆ ಚಿಂತಿಸತೊಡಗಿದ್ದೆ. ಅಷ್ಟರಲ್ಲಿ ಅವರು ಬಂದರು. ಕಂಕುಳಲ್ಲಿ ಕೌದಿ, ಕೈಯಲ್ಲಿ ಒಂದು ಚೀಲ, ಬಾಯಿಗೆ ಬಿಗಿಯಾಗಿ ಕಟ್ಟಿದ ಸೆರಗು. ನಡು ರಸ್ತೆಯಲ್ಲಿ ನಿಂತು ಎರಡೂ ಬದಿ ನೋಡಿದರು.

"ಅವತ್ತು ಹೋಗು ಅಂದ್ರಿ, ಒಲ್ಲೆ ಅಂದೆ," ಎಂದರು. "ಇವತ್ತ ಯಾರೂ ಹೋಗು ಅನ್ನವಲ್ರಿ. ಹೊಂಟೇನಿ."

ಗೌಡರು ಏನೋ ಹೇಳಲು ಹೋದರು. ಆಯಿ ಆಗಲೇ ವ್ಯಾನು ಹತ್ತಿ, ಕೌದಿಯನ್ನು ಮಗ್ಗುಲಿಗೆ ಇಟ್ಟುಕೊಂಡು, ಕಿಟಕಿಯ ಹತ್ತಿರ ಕೂತಿದ್ದರು. ಡ್ರೈವರ್ ಬಾಗಿಲು ಹಾಕಲು ಇಳಿದು ಬಂದ. ಇರಲಿ ಎಂದು ಕೈಯಲ್ಲೇ ಸನ್ನೆ ಮಾಡಿ, ಒಳಗಿನಿಂದ ಬಾಗಿಲನ್ನು ತಾವೇ ಎಳೆದುಕೊಂಡರು.